‘ಸುಮ್ಮನೆ ಬಿಎಸ್ಸಿ’ ಅಲ್ಲ ಜೀವಶಾಸ್ತ್ರ

ನೀಟ್ ಫಲಿತಾಂಶ ಬಂದೊಡನೆ ಎಂವಿಪಿ ಕಾಲೋನಿಯ ಕನ್ನಡ ಮನೆಗಳಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ಎಂಬಿಬಿಎಸ್ ಸೀಟು ಸಿಗುವುದೇ? ಸಿಗದಿದ್ದರೆ ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್. ಅದೂ ಕೈಗೂಡದಿದ್ದರೆ ‘ಸುಮ್ಮನೆ ಒಂದು ಬಿಎಸ್ಸಿ’. ಈ ‘ಸುಮ್ಮನೆ’ ಎಂಬ ಮಾತೇ ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುತ್ತಿದೆ.

2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅಂದರೆ ಸುಮಾರು 20 ಮಂದಿಯಲ್ಲಿ ಒಬ್ಬರಿಗೆ ಸೀಟು. ಉಳಿದವರೆಲ್ಲ ಸೋತವರೆಂದು ಭಾವಿಸುವುದು ಸರಿಯಲ್ಲ. ಅವರಲ್ಲಿ ಜೀವಶಾಸ್ತ್ರವನ್ನು ನಿಜವಾಗಿ ಮೆಚ್ಚಿ ಓದಿದವರೂ ಇದ್ದಾರೆ.

ಹೊರನಾಡ ಕನ್ನಡಿಗರಿಗೆ ಇದಕ್ಕೆ ಒಳ್ಳೆಯ ನಿದರ್ಶನ ಡಾ. ಬಿ.ಜಿ.ಎಲ್. ಸ್ವಾಮಿ. ಸಸ್ಯಶಾಸ್ತ್ರವನ್ನೇ ನೆಚ್ಚಿ ಓದಿದ ಅವರು ಹಾರ್ವರ್ಡ್‌ನಲ್ಲಿ ಸಂಶೋಧನೆ ನಡೆಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವದಿಂದ ಹುಟ್ಟಿದ ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ವಿಶಾಖಪಟ್ಟಣದ ಮಕ್ಕಳಿಗೆ ಅನುಕೂಲಗಳೂ ಕಡಿಮೆ ಇಲ್ಲ. 1926ರಲ್ಲಿ ಸ್ಥಾಪನೆಯಾದ ಆಂಧ್ರ ವಿಶ್ವವಿದ್ಯಾಲಯ ಕಾಲೋನಿಗೆ ಸಮೀಪದಲ್ಲೇ ಇದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಜೊತೆಗೆ ಕಡಲಿನ ಜೀವಸಂಪತ್ತಿನ ಅಧ್ಯಯನಕ್ಕೂ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಈ ನಗರದಲ್ಲಿದೆ. ಕಡಲು, ಕಂಬಾಲಕೊಂಡದ ಕಾಡು ಎರಡೂ ಕೈಗೆಟುಕುವ ದೂರದಲ್ಲಿವೆ.

ಹಾಗೆಂದು ಬಿಎಸ್ಸಿ ಮುಗಿದ ಮರುದಿನವೇ ಉದ್ಯೋಗ ಕಾದಿರುತ್ತದೆ ಎಂದಲ್ಲ. ಸಂಶೋಧನೆಗೆ ಎಂಎಸ್ಸಿ, ಪಿಎಚ್‌ಡಿ ಬೇಕು. ಹೈಸ್ಕೂಲಿನಲ್ಲಿ ಪಾಠ ಹೇಳಲು ಬಿಎಡ್ ಬೇಕು. ಜೀವಶಾಸ್ತ್ರ ತೆಗೆದುಕೊಂಡರೆ ಗಣಿತದ ಕಾಟ ತಪ್ಪಿತೆಂದು ತಿಳಿಯುವುದೂ ತಪ್ಪು. ಇಂದು ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಜ್ಞಾನವಿಲ್ಲದೆ ಈ ಕ್ಷೇತ್ರದಲ್ಲಿ ಮುಂದುವರಿಯುವುದು ಕಷ್ಟ. ಕಾಲೇಜು ಸೇರುವ ಮುನ್ನ ಪ್ರಯೋಗಾಲಯ, ಕ್ಷೇತ್ರ ಪ್ರವಾಸಗಳ ಬಗ್ಗೆ ಪೋಷಕರು ವಿಚಾರಿಸಬೇಕು. ಆಂಧ್ರದಲ್ಲಿ 2023-24ರಲ್ಲಿ ಪದವಿಗೆ ಒಂದೇ ಮುಖ್ಯ ವಿಷಯದ ಪದ್ಧತಿ ಜಾರಿಗೆ ಬಂದಿತು. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ವ್ಯವಸ್ಥೆಯನ್ನು ಕಾಲೇಜಿನಲ್ಲೇ ಕೇಳಿ ತಿಳಿಯುವುದು ಒಳಿತು.

ಕನ್ನಡ ಸಂಘಗಳಿಗೂ ಇಲ್ಲಿ ಹೊಣೆ ಇದೆ. ರಾಜ್ಯೋತ್ಸವದ ವೇದಿಕೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಪಡೆದವರಿಗೆ ಶಾಲು ಹೊದಿಸುವಾಗ, ಬಿಎಸ್ಸಿಯಲ್ಲಿ ಚೆನ್ನಾಗಿ ಓದಿದ ಮಗುವನ್ನೂ ಕರೆದು ಗೌರವಿಸಲಿ. ಎಲ್ಲರೆದುರು ಸಿಗುವ ಆ ಒಂದು ಮನ್ನಣೆ, ಮನೆಯವರ ಮನಸ್ಸಿನಿಂದ ‘ಸುಮ್ಮನೆ’ ಎಂಬ ಮಾತನ್ನು ತೆಗೆದುಹಾಕಬಲ್ಲದು.