ಮೇಲ್ ಐಡಿ ನಿಮ್ಮದು, ಪಾಸ್‌ವರ್ಡ್ ಯಾರ ಹತ್ತಿರ ಇದೆ?



ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿ, ಕಂಪ್ಯೂಟರ್ ಸೆಂಟರ್‌ಗಳಲ್ಲಿ ದಿನಾ ಕೇಳಿಬರುವ ಮಾತು ಇದು. ‘ಮೇಲ್ ಐಡಿ ಹೇಳಿ.’ ‘ಅದೆಲ್ಲ ನಮಗೆಲ್ಲಿಂದ ಬರಬೇಕಪ್ಪ, ನೀನೇ ಯಾವುದಾದರೂ ಹಾಕು.’ ಅಂಗಡಿಯ ಹುಡುಗ ತನ್ನದನ್ನೇ ಹಾಕುತ್ತಾನೆ. ಇಲ್ಲವೇ ನಿಂತ ನಿಲುವಿನಲ್ಲೇ ಹೊಸದೊಂದು ಮಾಡಿ, ಪಾಸ್‌ವರ್ಡನ್ನು ಕೌಂಟರ್ ಮೇಲಿನ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಾನೆ. ಅರ್ಜಿ ಹೋಯಿತು, ದುಡ್ಡು ಕೊಟ್ಟಾಯಿತು, ಪ್ರಿಂಟು ಕೈಗೆ ಬಂತು. ತಮ್ಮ ಹೆಸರಿನಲ್ಲಿ ಈಗ ಒಂದು ವಿಳಾಸ ಇದೆ, ಮುಂದಿನ ಕಾಗದಪತ್ರವೆಲ್ಲ ಅಲ್ಲಿಗೇ ಬರುತ್ತದೆ ಎನ್ನುವುದು ಅರ್ಜಿದಾರರ ತಲೆಯಲ್ಲಿ ಉಳಿದಿರುವುದಿಲ್ಲ.

ಈ ರೂಢಿಯನ್ನು ದಯವಿಟ್ಟು ಬಿಡಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇ-ಮೇಲ್ ಬಳಸುವುದನ್ನು ನೀವೇ ಕಲಿಯಿರಿ. ಅದರ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ.

ನಮ್ಮ ಬೀದಿಯಲ್ಲಿ ಬಿ.ಇಡಿ. ಮುಗಿಸಿದ ಹುಡುಗಿಯೊಬ್ಬಳು ಒಂದು ಶಾಲೆಗೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆಯೂ ಬಂತು, ಆದರೆ ಬಂದದ್ದು ಅಂಗಡಿಯವನ ಮೇಲ್‌ಗೆ. ಅವನ ಇನ್‌ಬಾಕ್ಸ್‌ನಲ್ಲಿ ಊರಿನ ಅರ್ಧ ಜನರ ಕಾಗದಗಳು, ಮೇಲಿಂದ ಜಾಹೀರಾತು. ಅವನು ನೋಡಲಿಲ್ಲ. ಕಾದು ಕಾದು ಇವಳೇ ಶಾಲೆಗೆ ಫೋನ್ ಮಾಡುವ ಹೊತ್ತಿಗೆ ಆ ಜಾಗಕ್ಕೆ ಬೇರೆಯವರು ಸೇರಿಯಾಗಿತ್ತು. ಅಂಗಡಿಯವನನ್ನು ಬೈಯಲು ನನಗೆ ಮನಸ್ಸಿಲ್ಲ. ಅರ್ಜಿ ತುಂಬುವುದಕ್ಕೆ ಅವನು ದುಡ್ಡು ತೆಗೆದುಕೊಂಡಿದ್ದಾನೆ, ಊರವರ ಅಂಚೆ ಕಾಯುವುದಕ್ಕಲ್ಲ.

‘ವಾಟ್ಸಾಪ್ ಇದೆಯಲ್ಲ, ಮೇಲ್ ಯಾಕೆ?’ ಎನ್ನುವವರು ಬಹಳ. ಮಾತುಕತೆಗೆ ವಾಟ್ಸಾಪ್ ಸಾಕು, ಒಪ್ಪುತ್ತೇನೆ. ಆದರೆ ಆದಾಯ ತೆರಿಗೆಯವರ ನೋಟಿಸು, ಕಂಪನಿಯ ಆಫರ್ ಲೆಟರ್, ಕಾಲೇಜಿನ ಪ್ರವೇಶದ ವಿವರ, ಬ್ಯಾಂಕಿನ ಸ್ಟೇಟ್‌ಮೆಂಟ್ ಹುಡುಕಿಕೊಂಡು ಬರುವುದು ನೀವು ಬರೆಸಿದ ಮೇಲ್ ವಿಳಾಸಕ್ಕೆ. ಇನ್ನೊಂದು ವ್ಯತ್ಯಾಸವೂ ಇದೆ. ವಾಟ್ಸಾಪ್‌ನಲ್ಲಿ ಕಳಿಸಿದವರು ಮನಸ್ಸು ಬದಲಾಯಿಸಿ ಅಳಿಸಿದರೆ ನಿಮ್ಮ ಫೋನಿನಿಂದಲೂ ಹೋಗುತ್ತದೆ. ನಿಮ್ಮ ಜಿಮೇಲ್‌ಗೆ ಬಂದು ಬಿದ್ದ ಪತ್ರವನ್ನು ಕಳಿಸಿದವರು ವಾಪಸು ಎಳೆದುಕೊಳ್ಳಲಾರರು. ನೀವು ಕಳಿಸಿದ್ದು ತಾರೀಖು, ಗಂಟೆ, ನಿಮಿಷದ ಸಮೇತ ‘ಸೆಂಟ್’ ಎಂಬಲ್ಲಿ ಕುಳಿತಿರುತ್ತದೆ. ಕುಡಿಯುವ ನೀರು ಬರುತ್ತಿಲ್ಲವೆಂದು ಎಂಜಿನಿಯರಿಗೆ ಎಷ್ಟು ಸಲ ಫೋನ್ ಮಾಡಿದಿರಿ ಎನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ, ಬರೆದ ಮೇಲ್‌ಗೆ ಇರುತ್ತದೆ. ವಿದ್ಯುನ್ಮಾನ ದಾಖಲೆಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮಾನ್ಯತೆ ಕೊಟ್ಟಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಮು ಅರ್ಜಿಯನ್ನು ವಿದ್ಯುನ್ಮಾನ ರೂಪದಲ್ಲೂ ಸಲ್ಲಿಸಬಹುದು, ಅದೂ ಆಯಾ ಪ್ರದೇಶದ ಆಡಳಿತ ಭಾಷೆಯಲ್ಲೇ ಸಲ್ಲಿಸಬಹುದು ಎನ್ನುತ್ತದೆ. ಅಂದರೆ ಕನ್ನಡದಲ್ಲಿ.

ಇನ್ನು ‘ನನಗೆ ಮೇಲ್ ಐಡಿಯೇ ಇಲ್ಲ’ ಎನ್ನುವವರಿಗೆ ಒಂದು ಸುದ್ದಿ. ನಿಮ್ಮದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಬಹುಮಟ್ಟಿಗೆ ಇದ್ದೇ ಇರುತ್ತದೆ. ಫೋನ್ ಕೊಂಡ ದಿನ ಪ್ಲೇ ಸ್ಟೋರ್ ತೆರೆಯಲು ಅಂಗಡಿಯಲ್ಲಿ ಯಾರೋ ನಿಮ್ಮ ಹೆಸರಿನಲ್ಲಿ ಗೂಗಲ್ ಖಾತೆ ಮಾಡಿರುತ್ತಾರೆ. ಪಾಸ್‌ವರ್ಡು ನಿಮ್ಮ ಹೆಸರು, ಅದರ ಮುಂದೆ ಒಂದು ಎರಡು ಮೂರು. ಪ್ಲೇ ಸ್ಟೋರ್ ತೆರೆದು, ಬಲಗಡೆ ಮೇಲಿನ ಮೂಲೆಯಲ್ಲಿರುವ ಚಿಕ್ಕ ವೃತ್ತವನ್ನು ತಟ್ಟಿ ನೋಡಿ. ನಿಮ್ಮ ಹೆಸರು, ಅದರ ಕೆಳಗೆ ಜಿಮೇಲ್ ಡಾಟ್ ಕಾಮ್ ಎಂದು ಮುಗಿಯುವ ವಿಳಾಸ ಕಾಣುತ್ತದೆ. ಅದನ್ನು ಡೈರಿಯಲ್ಲಿ ಅಕ್ಷರ ಅಕ್ಷರ ನೋಡಿ ಬರೆದುಕೊಳ್ಳಿ.

ಅದೇ ವೃತ್ತದ ಒಳಗಿನಿಂದ ಗೂಗಲ್ ಖಾತೆಗೆ ಹೋದರೆ ‘ಸೆಕ್ಯುರಿಟಿ’ ಎಂಬ ಭಾಗ ಸಿಗುತ್ತದೆ. ಪಾಸ್‌ವರ್ಡ್ ಬದಲಾಯಿಸುವುದು ಇಲ್ಲೇ. ಹಳೆಯದು ಗೊತ್ತಿಲ್ಲದಿದ್ದರೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ. ಖಾತೆ ತೆರೆದಿರುವ ಫೋನ್ ನಿಮ್ಮ ಕೈಯಲ್ಲೇ ಇದ್ದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ. ಪಾಸ್‌ವರ್ಡ್ ಮರೆತಾಗ ಕೋಡ್ ಕಳಿಸುವ ‘ರಿಕವರಿ’ ಫೋನ್ ನಂಬರ್ ಯಾರದ್ದೆಂದು ಇಲ್ಲೇ ನೋಡಿ. ಅಂಗಡಿಯವನದೋ, ಎಂದೋ ರೀಚಾರ್ಜ್ ನಿಲ್ಲಿಸಿದ ಹಳೆಯ ಸಿಮ್ಮಿನದೋ ಆಗಿದ್ದರೆ ಇವತ್ತೇ ಬದಲಾಯಿಸಿ. ಬಿಟ್ಟ ನಂಬರ್ ಕೆಲವು ಕಾಲದ ಮೇಲೆ ಬೇರೆಯವರ ಪಾಲಾಗುತ್ತದೆ. ನಿಮ್ಮ ಖಾತೆ ಯಾವ ಯಾವ ಯಂತ್ರದಲ್ಲಿ ತೆರೆದೇ ಇದೆ ಎನ್ನುವ ಪಟ್ಟಿಯೂ ಅಲ್ಲಿರುತ್ತದೆ. ಗುರುತಿಲ್ಲದ ಕಂಪ್ಯೂಟರ್ ಕಂಡರೆ ‘ಸೈನ್ ಔಟ್’ ಒತ್ತಿದರೆ ಆಯಿತು.

ನಿವೃತ್ತಿಯಾದ ಮೇಲೆ ಆಗಾಗ ಸಂಜೆ ಹೊತ್ತು ಅಕ್ಕಪಕ್ಕದವರಿಗೆ ಇದನ್ನೆಲ್ಲ ಹೇಳಿಕೊಡುತ್ತೇನೆ. ಹಿರಿಯರಿಗೆ ಕಷ್ಟವಾಗುವುದು ನಾವು ಅಂದುಕೊಂಡಲ್ಲಿ ಅಲ್ಲ. ಹೊಲ, ಮನೆ ಕೆಲಸ ಮಾಡಿ ಒರಟಾದ ಹೆಬ್ಬೆರಳನ್ನು ಅವರು ಪರದೆಯ ಮೇಲೆ ಒತ್ತಿ ಹಿಡಿಯುತ್ತಾರೆ, ಸರ್ಕಾರಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ ಅಭ್ಯಾಸ. ಒತ್ತಿ ಹಿಡಿದರೆ ಪತ್ರ ತೆರೆಯುವುದಿಲ್ಲ, ಆಯ್ಕೆಯಾಗಿ ಮೇಲ್ಗಡೆ ಕಸದಬುಟ್ಟಿಯ ಚಿತ್ರ ಬಂದು ಕೂರುತ್ತದೆ. ‘ಅಯ್ಯೋ ಮೇಷ್ಟ್ರೇ, ಏನೋ ಹಾಳಾಯ್ತು’ ಎಂದು ಫೋನನ್ನು ಕೆಳಗಿಟ್ಟುಬಿಡುತ್ತಾರೆ. ಏನೂ ಹಾಳಾಗಿರುವುದಿಲ್ಲ. ಹೆಬ್ಬೆರಳು ಬಿಟ್ಟು ತೋರುಬೆರಳಿನ ತುದಿಯಿಂದ ಮೆಲ್ಲಗೆ ತಟ್ಟಿ ಎಂದು ತೋರಿಸಿದರೆ ಅರ್ಧ ಪಾಠ ಮುಗಿದಂತೆ. ಕೈತಪ್ಪಿ ಅಳಿಸಿದ ಪತ್ರವೂ ಜಿಮೇಲ್‌ನಲ್ಲಿ 30 ದಿನ ‘ಟ್ರ್ಯಾಶ್’ನಲ್ಲಿ ಇರುತ್ತದೆ, ಅಲ್ಲಿಂದ ವಾಪಸು ತರಬಹುದು. ಇದನ್ನು ಮೊದಲೇ ಹೇಳಿ, ಭಯ ಹೋಗುತ್ತದೆ.

ಬರೆಯುವ ವಿಷಯಕ್ಕೆ ಬಂದರೆ, ಪೆನ್ಸಿಲ್ ಚಿತ್ರ ತಟ್ಟಿದಾಗ ಮೂರು ಜಾಗ ತೆರೆಯುತ್ತವೆ. ‘ಟು’ ಎಂಬಲ್ಲಿ ವಿಳಾಸ. ನಡುವೆ ಬರುವ ಬಾಲ ಸುತ್ತಿದ ಎ ಅಕ್ಷರವನ್ನು ಅಟ್ ಎನ್ನಬೇಕು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಹೆಸರನ್ನೂ ಅದು ಇರುವ ಯಂತ್ರವನ್ನೂ ಬೇರೆ ಮಾಡಿ ತೋರಿಸಲು ಆರಿಸಿದ ಗುರುತು ಅದು, ಇವತ್ತಿಗೂ ಹಾಗೆಯೇ ನಡೆದುಬಂದಿದೆ. ವಿಳಾಸದಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಚುಕ್ಕಿಯ ಬದಲು ಅಲ್ಪವಿರಾಮ ಬಿದ್ದರೆ ಹೋಗುವುದಿಲ್ಲ. ಎರಡನೆಯದು ‘ಸಬ್ಜೆಕ್ಟ್’. ಇದನ್ನು ಖಾಲಿ ಬಿಡುವವರು ಒಂದು ಕಡೆ, ಇಡೀ ಅರ್ಜಿಯನ್ನು ಇಲ್ಲೇ ಬರೆದುಬಿಡುವವರು ಇನ್ನೊಂದು ಕಡೆ. ಸರ್ಕಾರಿ ಪತ್ರದಲ್ಲಿ ‘ವಿಷಯ’ ಎಂದು ಬರೆಯುತ್ತೇವಲ್ಲ, ಅಷ್ಟೇ ಸಾಕು: ‘3ನೇ ವಾರ್ಡ್ ಬೀದಿದೀಪ ದುರಸ್ತಿ ಬಗ್ಗೆ’. ಉಳಿದದ್ದು ಕೆಳಗಿನ ದೊಡ್ಡ ಜಾಗದಲ್ಲಿ. ಕೊನೆಗೆ ನಿಮ್ಮ ಹೆಸರು, ಊರು, ಫೋನ್ ನಂಬರ್ ಬರೆಯಿರಿ. ಮೇಲ್ ನೋಡಿದವರಿಗೆ ನೀವು ಯಾರೆಂದು ತಾನಾಗಿ ತಿಳಿಯುವುದಿಲ್ಲ.

ಇಂಗ್ಲಿಷ್ ಬರುವುದಿಲ್ಲವೆಂದು ಹಿಂಜರಿಯಬೇಡಿ. ಫೋನಿನ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿಕೊಂಡು ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಅಲ್ಲಲ್ಲಿ ತಪ್ಪುತ್ತದೆ, ಕಳಿಸುವ ಮುಂಚೆ ಒಮ್ಮೆ ಓದಿ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವವರು ‘ಯೂನಿಕೋಡ್‌ನಲ್ಲಿ ಮಾಡಿ, ಪಿಡಿಎಫ್ ಕೊಡಿ’ ಎಂದು ಕೇಳಿ ಪಡೆಯಬೇಕು. ಹಳೆಯ ಫಾಂಟಿನಲ್ಲಿ ಟೈಪಾದ ಕನ್ನಡ, ಆ ಫಾಂಟ್ ಇಲ್ಲದವರ ಪರದೆಯಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಒಳ್ಳೆಯ ಅರ್ಜಿಗಳು ಹೀಗೆ ಓದಿಸಿಕೊಳ್ಳದೆಯೇ ಬಿದ್ದುಹೋಗಿವೆ.

ಪತ್ರದ ಜೊತೆ ಕಾಗದ ಕಳಿಸಬೇಕಿದ್ದರೆ ಪಿನ್ನಿನ ಚಿತ್ರ ತಟ್ಟಿ ಕಡತ ಸೇರಿಸಿ. ಜಿಮೇಲ್‌ನಲ್ಲಿ ಒಂದು ಪತ್ರಕ್ಕೆ 25 ಎಂಬಿ ತನಕ ಲಗತ್ತಿಸಬಹುದು. ಹಾಸಿಗೆಯ ಮೇಲೆ ಅಂಕಪಟ್ಟಿ ಇಟ್ಟು, ನೆರಳು ಬೀಳುವಂತೆ ಸೊಟ್ಟಗೆ ತೆಗೆದ ಫೋಟೋ ಕಳಿಸಬೇಡಿ, ಸ್ಕ್ಯಾನ್ ಮಾಡಿ. ಕಡತಕ್ಕೆ ನಿಮ್ಮ ಹೆಸರನ್ನೇ ಇಡಿ. ‘ಸೆಂಡ್’ ಒತ್ತಿದ ಮೇಲೆ ‘ಸೆಂಟ್’ಗೆ ಹೋಗಿ ನೋಡುವುದನ್ನು ಮರೆಯಬೇಡಿ. ‘ಔಟ್‌ಬಾಕ್ಸ್’ನಲ್ಲಿದ್ದರೆ ಅದು ಇನ್ನೂ ಹೋಗಿಲ್ಲ, ನೆಟ್‌ವರ್ಕ್ ಇರುವ ಕಡೆ ಬನ್ನಿ. ಕೂಡಲೇ ‘ಮೇಲ್ ಡೆಲಿವರಿ ಸಬ್‌ಸಿಸ್ಟಮ್’ ಎಂಬ ಹೆಸರಿನಲ್ಲಿ ಇಂಗ್ಲಿಷ್ ಪತ್ರ ಬಂದರೆ ಹೆದರಿ ಅಳಿಸಬೇಡಿ. ವಿಳಾಸದಾರರಿಲ್ಲ ಎಂದು ಅಂಚೆಯಣ್ಣ ಕಾಗದ ವಾಪಸು ತಂದುಕೊಟ್ಟ ಹಾಗೆ ಅದು. ವಿಳಾಸ ಸರಿ ಮಾಡಿ ಮತ್ತೆ ಕಳಿಸಿ.

ಜನ ಗಮನಿಸದ ಒಂದು ತೊಂದರೆ ಹೇಳಲೇಬೇಕು. ಗೂಗಲ್ ಬಿಟ್ಟಿಯಾಗಿ ಕೊಡುವುದು 15 ಜಿಬಿ ಜಾಗ. ಜಿಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ ಅಷ್ಟೇ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ 2024ರಿಂದ ಇದೇ ಲೆಕ್ಕಕ್ಕೆ ಬಂದಿದೆ. ಫ್ಯಾಮಿಲಿ ಗ್ರೂಪಿನ ಶುಭೋದಯದ ಚಿತ್ರಗಳು, ಮದುವೆಯ ವಿಡಿಯೋಗಳು ಸೇರಿ ಜಾಗ ತುಂಬಿತೆಂದರೆ ಹೊಸ ಮೇಲ್ ಒಳಗೆ ಬರುವುದಿಲ್ಲ. ಆಫರ್ ಲೆಟರ್ ಕಳಿಸಿದವರಿಗೆ ಅದು ವಾಪಸಾಗುತ್ತದೆ, ನಿಮಗೆ ಸುದ್ದಿಯೇ ಇರುವುದಿಲ್ಲ. ಬೇಡದ್ದನ್ನು ಆಗಾಗ ಅಳಿಸಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬ ನಿಯಮವೂ ಇದೆ, 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹಿಂದೆಂದೋ ಮಾಡಿಸಿ ಮರೆತ ಐಡಿ ಇದ್ದರೆ ತೆರೆದು ನೋಡಿ. ‘ಸ್ಪ್ಯಾಮ್’ ಎಂಬ ಕಡೆಯೂ ಕಣ್ಣಾಡಿಸಿ, ಕೆಲವು ಸಲ ಬೇಕಾದ ಪತ್ರವೇ ಅಲ್ಲಿಗೆ ಹೋಗಿರುತ್ತದೆ.

ಮೋಸದ ಮೇಲ್‌ಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚುಟುಕಾಗಿ ಹೇಳುತ್ತೇನೆ. ಪತ್ರದ ಮೇಲೆ ದಪ್ಪಗೆ ಕಾಣುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆ ಹೆಸರನ್ನು ತಟ್ಟಿ, ಅಟ್ ಗುರುತಿನ ಆಚೆ ಏನಿದೆ ನೋಡಿ. ತೆರಿಗೆ ಇಲಾಖೆಯ ಹೆಸರು ಹೇಳಿಕೊಂಡು ಜಿಮೇಲ್ ವಿಳಾಸದಿಂದ ಬಂದಿದ್ದರೆ ಅದು ಇಲಾಖೆಯದ್ದಲ್ಲ. ಪಾಸ್‌ವರ್ಡ್, ಒಟಿಪಿ ಕೇಳಿದವರಿಗೆ ಉತ್ತರ ಬೇಡ. ದುಡ್ಡು ಹೋಯಿತೆಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೆಪಟ್ಟು ಬೆಳಗಾಗಲಿ ಎಂದು ಕಾಯಬೇಡಿ.

ಇದೆಲ್ಲ ಗೊತ್ತಿರುವ ಹುಡುಗ ಹುಡುಗಿಯರೇ, ನಿಮ್ಮಲ್ಲಿ ನನ್ನ ಕೋರಿಕೆ ಇನ್ನೂ ದೊಡ್ಡದು. ಅಪ್ಪನೋ ಅತ್ತೆಯೋ ಫೋನ್ ಹಿಡಿದು ಬಂದರೆ ‘ಕೊಡಿ ಇಲ್ಲಿ’ ಎಂದು ಕಿತ್ತುಕೊಂಡು ನಾಲ್ಕು ಸಲ ತಟ್ಟಿ ವಾಪಸು ಕೊಡುತ್ತೀರಿ. ಕೆಲಸ ಆಯಿತು, ಅವರು ಮಾತ್ರ ಇದ್ದಲ್ಲೇ ಇದ್ದಾರೆ. ನಿಮ್ಮ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ಕೂರಿ. ಅವರ ಬೆರಳೇ ಹುಡುಕಲಿ, ಅವರೇ ತಪ್ಪಲಿ. ನೀವು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದರೆ ಅಮ್ಮನಿಗೆ ವಾರಕ್ಕೊಂದು ಮೇಲ್ ಬರೆಯಿರಿ, ಉತ್ತರವನ್ನೂ ಮೇಲ್‌ನಲ್ಲೇ ಕೇಳಿ. ಹೆಣ್ಣುಮಕ್ಕಳ ಐಡಿ, ಪಾಸ್‌ವರ್ಡ್ ಗಂಡನ ಹತ್ತಿರ ಇರುವ ಮನೆಗಳು ಬೇಕಾದಷ್ಟಿವೆ. ಅದನ್ನೂ ಅವರವರಿಗೆ ಬಿಟ್ಟುಕೊಡಿ.

ಕಂಪ್ಯೂಟರ್ ಸೆಂಟರಿನ ಮಿತ್ರರೇ, ಹೊಸ ಐಡಿ ಮಾಡಿಕೊಡುವಾಗ ಪಾಸ್‌ವರ್ಡ್ ಹಾಕುವ ಹೊತ್ತಿಗೆ ಕೀಬೋರ್ಡನ್ನು ಗಿರಾಕಿಯ ಕಡೆ ತಿರುಗಿಸಿ. ಸಾಲು ಉದ್ದ ಇರುತ್ತದೆ, ಗೊತ್ತು. ಆದರೂ ತಿರುಗಿಸಿ. ನಾಳೆ ಅವರ ಖಾತೆಯಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಮೊದಲು ಅನುಮಾನ ಬರುವುದು ನಿಮ್ಮ ನೋಟ್‌ಬುಕ್ಕಿನ ಮೇಲೆ.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರ್ ಬಂದು ಕೂತಿದೆ. ಅಲ್ಲಿನ ಮೇಲ್ವಿಚಾರಕರು ವಾರಕ್ಕೊಂದು ಗಂಟೆಯನ್ನು ಇದಕ್ಕೇ ಎತ್ತಿಡಲಿ. ಸ್ತ್ರೀಶಕ್ತಿ ಸಂಘದ ಸಭೆ ನಡೆಯುವ ದಿನವಾದರೆ ಜನ ಹೇಗೂ ಸೇರಿರುತ್ತಾರೆ. ಬರುವವರು ತಮ್ಮದೇ ಫೋನ್, ಚಾರ್ಜ್ ಮಾಡಿಕೊಂಡು ತರಲಿ. ಕನ್ನಡಕ ಮರೆಯದಿರಲಿ, ಎಷ್ಟೋ ಪಾಠ ಅದಿಲ್ಲದೆ ನಿಂತುಹೋಗುತ್ತದೆ. ಮೊದಲ ದಿನ ಪ್ರತಿಯೊಬ್ಬರೂ ಪಕ್ಕದಲ್ಲಿ ಕೂತವರಿಗೆ ಒಂದು ಸಾಲು ಬರೆದು ಕಳಿಸಿ, ಅದು ಬಂತೋ ಇಲ್ಲವೋ ಎಂದು ಅಲ್ಲೇ ಕೇಳಿ ತಿಳಿದುಕೊಂಡರೆ ಸಾಕು. ಅರಿವು ಕೇಂದ್ರ ದೂರವಿದ್ದ ಊರಿನಲ್ಲಿ ಶಾಲೆಯ ಜಗುಲಿಯೂ ಆಗುತ್ತದೆ, ನೆಟ್‌ವರ್ಕ್ ಒಂದು ಸಿಗಬೇಕು.