ಜಠರದ ಕ್ಯಾನ್ಸರ್: ದೋಷ ಬರಹದಲ್ಲಷ್ಟೇ ಅಲ್ಲ

ಜಠರದ ಕ್ಯಾನ್ಸರ್ ಎಂದರೆ ಎಲ್ಲರಿಗೂ ಒಂದೇ ರೋಗ, ಒಂದೇ ಮದ್ದು ಎಂಬ ಎಣಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಈಚಿನ ವರ್ಷಗಳ ಸಂಶೋಧನೆ ಅದನ್ನು ಬುಡಮೇಲು ಮಾಡಿದೆ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ. ಎಳೆ ಇದೆ. ಕಣ್ಣಿಗೆ ಕಾಣದಷ್ಟು ಕಿರಿದಾದ ಕೋಶಕೇಂದ್ರದಲ್ಲಿ ಹಿಡಿಸಲು ಅದು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಈ ಕಟ್ಟಿಗೆ ಕ್ರೊಮಾಟಿನ್ ಎಂದು ಹೆಸರು. ಬಿಗಿಯಾಗಿ ಸುತ್ತಿದ ಕಡೆ ವಂಶವಾಹಿಗಳು ಮೌನ. ಸಡಿಲಿಸಿದ ಕಡೆ ಅವು ಕೆಲಸ ಮಾಡುತ್ತವೆ. ಹೀಗೆ ಸಡಿಲಿಸಿ ಮರುಜೋಡಿಸಲು ಕೋಶದಲ್ಲಿ ಪ್ರೋಟೀನು ಯಂತ್ರಗಳಿವೆ. ಅಂಥ ಒಂದು ಯಂತ್ರದ ಬಿಡಿಭಾಗವನ್ನು ತಯಾರಿಸುವುದು 'ಆರಿಡ್ 1ಎ' ವಂಶವಾಹಿ.

ಜಠರದ ಗೆಡ್ಡೆಗಳಲ್ಲಿ ಈ ವಂಶವಾಹಿ ಆಗಾಗ ಕೆಟ್ಟಿರುವುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯಂತ್ರ ಕೆಟ್ಟರೆ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಗಳು ಬೇಕಾದ ಹೊತ್ತಿಗೆ ತೆರೆಯದೆ ಹೋಗಬಹುದು. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 295 ಗೆಡ್ಡೆಗಳನ್ನು ಪರಿಶೀಲಿಸಿ ರೋಗವನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಎಪ್‌ಸ್ಟೀನ್-ಬಾರ್ ವೈರಸ್ಸಿನ ಸಂಬಂಧವಿರುವ ಬಗೆಯಲ್ಲೂ, ಡಿ.ಎನ್.ಎ.ಯ ತಪ್ಪು ತಿದ್ದುವ ವ್ಯವಸ್ಥೆ ಸೋತ ಬಗೆಯಲ್ಲೂ ಆರಿಡ್ ದೋಷ ಹೆಚ್ಚು.

ಎರಡನೆಯ ಬಗೆಯದು ಆ ಗೆಡ್ಡೆಗಳಲ್ಲಿ ಸುಮಾರು ಐದನೆಯ ಒಂದು ಪಾಲು. ಇಲ್ಲಿ ತಿದ್ದುವ ವಂಶವಾಹಿಯಾದ 'ಎಂ.ಎಲ್.ಎಚ್.1' ಬಹುತೇಕ ಅಕ್ಷರ ತಪ್ಪಿ ಕೆಟ್ಟಿರುವುದಿಲ್ಲ. ರಾಸಾಯನಿಕ ಮುದ್ರೆ ಬಿದ್ದು ಮುಚ್ಚಿಹೋಗಿರುತ್ತದೆ. ಪುಸ್ತಕದ ಬರಹ ಸರಿಯಿದೆ, ಪುಟಗಳು ಅಂಟಿಕೊಂಡಿವೆ ಎನ್ನಬಹುದು.

ಇದರಿಂದ ರೋಗಿಗೇನು ಲಾಭ? ದೇಹದ ರಕ್ಷಣಾಶಕ್ತಿಯನ್ನು ಗೆಡ್ಡೆಯ ಮೇಲೆ ಎಬ್ಬಿಸುವ ಪೆಂಬ್ರೊಲಿಜುಮ್ಯಾಬ್ ಎಂಬ ಮದ್ದಿಗೆ 2017ರಲ್ಲಿ ಅಮೆರಿಕ ಅನುಮತಿ ನೀಡಿದ್ದು ರೋಗ ಯಾವ ಅಂಗದ್ದೆಂದು ನೋಡಿ ಅಲ್ಲ, ಈ ತಿದ್ದುಪಡಿಯ ದೋಷವನ್ನು ನೋಡಿ. ಆರಿಡ್ ದೋಷವನ್ನೇ ಗುರಿಯಾಗಿಟ್ಟ ಮದ್ದುಗಳಾದರೋ ಇನ್ನೂ ಪ್ರಯೋಗದ ಹಂತದಲ್ಲಿವೆ. ಅವನ್ನು ನಂಬಿಸಿ ಹಣ ಕೀಳುವವರ ಬಗ್ಗೆ ಎಚ್ಚರವಿರಲಿ.

ಹೊಸ ಮದ್ದುಗಳ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟಕುವಂಥದಲ್ಲ. ಈ ಭಾರವನ್ನು ಸರಕಾರಗಳು ಹೊರದೆ ವಿಜ್ಞಾನದ ಫಲ ಬಡವನಿಗೆ ದಕ್ಕದು. ಆದರೆ ದೋಷ ಪತ್ತೆಯ ಪರೀಕ್ಷೆಗೆ ಬಯಾಪ್ಸಿಗಾಗಿ ತೆಗೆದ ತುಣುಕೇ ಸಾಮಾನ್ಯವಾಗಿ ಸಾಕು. ಮಂಗಳೂರಿಗೋ ತಲಶ್ಶೇರಿಗೋ ರೋಗಿಯನ್ನು ಕರೆದೊಯ್ಯುವ ನಮ್ಮವರು ವೈದ್ಯರಲ್ಲಿ ಒಂದು ಮಾತು ಕೇಳಲು ಸಂಕೋಚಪಡಬೇಕಿಲ್ಲ: "ಎಂ.ಎಸ್.ಐ. ಪರೀಕ್ಷೆ ಆಗಿದೆಯೇ?" ಮನೆ ಅಡವಿಡುವ ಮೊದಲು ರೋಗದ ಬಗೆ ಯಾವುದೆಂದು ತಿಳಿಯುವುದು ರೋಗಿಯ ಹಕ್ಕು.