ನಾಯಿ ನಮ್ಮದು, ಬೊಗಳು ಕೇರಿಯದು

ಮಕ್ಕಳೇ, ನಮ್ಮೂರಿನ ಹೆಸರು ಮೊಸಳೆ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರಿಗೆ ಸಿಗುತ್ತದೆ. ಹೆಸರು ಕೇಳಿದ ಪೇಟೆ ಮಕ್ಕಳು "ಅಲ್ಲಿ ಕೆರೆ ತುಂಬಾ ಮೊಸಳೆ ಇದಾವಾ ತಾತ?" ಎಂದು ಕಣ್ಣರಳಿಸುತ್ತಾರೆ. ಮೊಸಳೆ ಕಾಟ ಏನೂ ಇಲ್ಲಪ್ಪ. ಇರುವುದೆಲ್ಲ ನಾಯಿ ತಕರಾರು. ಈ ವಾರ ಅದೇ ಮಾತು.

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅವರ ಕಾಲದಲ್ಲಿ ನಾಯಿ ಒಂದು ಮನೆಯದಾಗಿರಲಿಲ್ಲ, ಕೇರಿಯದಾಗಿತ್ತು. ಒಂದು ಮನೆಯಲ್ಲಿ ಉಳಿದ ಮುದ್ದೆ, ಇನ್ನೊಂದು ಮನೆಯಲ್ಲಿ ತಂಗಳನ್ನ. ಒಂದು ಮನೆಯವರು ಕರಿಯ ಎಂದರೆ ಪಕ್ಕದವರು ರಾಜ ಎನ್ನುತ್ತಿದ್ದರು. ಎರಡಕ್ಕೂ ಅದು ಬಾಲ ಅಲ್ಲಾಡಿಸುತ್ತಿತ್ತು. ರಾತ್ರಿ ಅದು ಬೊಗಳಿದರೆ ಹಾಸಿಗೆಯಲ್ಲೇ ಮಲಗಿ "ಯಾರೋ ಹೊಸಬರು ಬಂದವ್ರೆ", "ಇದು ಹಾವಿಗೆ ಬೊಗಳ್ತಿರೋದು" ಎಂದು ಹೇಳುವ ಹಿರಿಯರಿದ್ದರು. ಆ ಬೊಗಳು ಕೇರಿಗೆಲ್ಲ ಉಪಯೋಗದ್ದು, ಹಾಗಾಗಿ ಯಾರೂ ಬೈಯುತ್ತಿರಲಿಲ್ಲ.

ನಾಯಿಯ ಮೇಲಿನ ಪ್ರೀತಿ ನಮ್ಮ ನಾಡಿಗೆ ಹೊಸದೂ ಅಲ್ಲ. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯಲ್ಲಿ, ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. 949ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ಅದರಲ್ಲಿ ಚೆನ್ನಾಗಿ ಕಾದಾಡಿದ ಮಣಲೇರನಿಗೆ ಗಂಗರ ದೊರೆ ಬೂತುಗ "ಏನು ಬೇಕೋ ಕೇಳು" ಎಂದನಂತೆ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿ ಕಾದಾಡುವ ಚಿತ್ರ ಆ ಕಲ್ಲಿನ ಮೇಲೇ ಇದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಯಲ್ಲಿ ಕಬ್ಬನ್ ಪಾರ್ಕಿಗೆ ಹೋದರೆ ತಪ್ಪದೆ ನೋಡಿ ಬನ್ನಿ.

ಕಾಳಿಗೆ ಓಡಲು ಕಾಡಿತ್ತು. ಇಂದಿನ ನಾಯಿಗೆ ಇರುವುದು ಕಿಟಕಿ ಸರಳಿಗೆ ಕಟ್ಟಿದ ನಾಲ್ಕು ಅಡಿ ಸರಪಳಿ.

ಈಚೆಗೆ ಹಳ್ಳಿಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತಿದೆ. ಬೆಂಗಳೂರಿನಲ್ಲಿರುವ ಮಗ ಸೊಸೆ ಆಸೆಯಿಂದ ಒಂದು ಲ್ಯಾಬ್ರಡಾರ್ ಮರಿ ತರುತ್ತಾರೆ. ಫ್ಲ್ಯಾಟಿನ ಮನೆ, ಇಬ್ಬರಿಗೂ ಆಫೀಸು. ಮರಿ ವರ್ಷದೊಳಗೆ ಎದೆಯೆತ್ತರಕ್ಕೆ ಹಾರತೊಡಗುತ್ತದೆ, ಸೋಫಾ ಹರಿಯುತ್ತದೆ. ಆಗ "ಊರಲ್ಲಿ ಜಾಗ ಇದೆ, ಅಮ್ಮ ನೋಡ್ಕೋತಾರೆ" ಎಂದು ಕಾರಿನಲ್ಲಿ ತಂದು ಬಿಟ್ಟು ಹೋಗುತ್ತಾರೆ. ಬೆಳೆದ ಲ್ಯಾಬ್ರಡಾರ್ ಸುಮಾರು 30 ಕಿಲೋ ತೂಗುತ್ತದೆ, ಅಂದರೆ ಅಂಗಡಿಯ 25 ಕಿಲೋ ಅಕ್ಕಿ ಮೂಟೆಗಿಂತ ಭಾರ. ಆ ಮೂಟೆಗೆ ನಾಲ್ಕು ಕಾಲು ಬಂದು ಬೆಕ್ಕಿನ ಹಿಂದೆ ಓಡಿದರೆ ಮಂಡಿನೋವಿನ ಅಜ್ಜಿ ಹಗ್ಗ ಹಿಡಿದು ನಿಲ್ಲಲು ಸಾಧ್ಯವೇ? ಮಕ್ಕಳನ್ನು ಸಾಕಿದಂತೆ ನಾಯಿಯನ್ನೂ ಸಾಕಿಕೊಡಿ ಎಂದು ಹೆತ್ತವರಿಗೆ ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ. ಒಪ್ಪಿಸಿದ ಮೇಲೂ ವೈದ್ಯರ ಖರ್ಚು, ಹಿಡಿದು ತಿರುಗಾಡಿಸುವ ಹುಡುಗನ ಕೂಲಿ ಮಗನದೇ ಆಗಿರಬೇಕು.

ನಮ್ಮ ಬೀದಿಯ ಒಬ್ಬ ಅಜ್ಜಿಯ ಮನೆಗೆ ಹಾಗೆ ಬಂದದ್ದು ಬ್ರೂನೋ. ಎರಡೇ ದಿನಕ್ಕೆ ಅಜ್ಜಿಯ ಬಾಯಲ್ಲಿ ಅದು ಬೂರಣ್ಣ ಆಯಿತು. ಬೂರಣ್ಣನಿಗೆ ಹೊಸ ಜಾಗ, ಹೊಸ ಸದ್ದು. ಜಗುಲಿಯ ಕಂಬಕ್ಕೆ ಕಟ್ಟಿದ್ದರು. ಎಮ್ಮೆ ಹೋದರೂ ಬೊಗಳು, ಟ್ರ್ಯಾಕ್ಟರ್ ಹೋದರೂ ಬೊಗಳು, ಏನೂ ಹೋಗದಿದ್ದರೂ ಬೊಗಳು. ಪಕ್ಕದ ಮನೆಯವರು ಹಸು ಕಟ್ಟಿದವರು. ಬೆಳಿಗ್ಗೆ ಐದಕ್ಕೇ ಎದ್ದು ಹಾಲು ಕರೆದು ಡೇರಿಗೆ ಹಾಕಬೇಕು. ರಾತ್ರಿ ನಿದ್ದೆ ಹೋಯಿತು. ಮುಂಜಾನೆ ಬಾಗಿಲು ಸಾರಿಸಿ ರಂಗೋಲಿ ಬಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಹಗ್ಗ ಬಿಚ್ಚಿದ ಬೂರಣ್ಣ ರಂಗೋಲಿಯ ನಡುವೆಯೇ ತನ್ನ ಕೆಲಸ ಮುಗಿಸಿರುತ್ತಿದ್ದ. ಇದನ್ನೆಲ್ಲ ಅವರು ಸಹಿಸಿದರು. ಸಹಿಸಲಾಗದ್ದು ಇನ್ನೊಂದು. ಅವರ ಮಗಳು ನಾಲ್ಕನೇ ತರಗತಿ. ನಾಯಿ ಎದೆಗೆ ಹಾರುತ್ತದೆಂದು ಹೆದರಿ, ಯಾರಿಗೂ ಹೇಳದೆ, ಹಿಂದಿನ ಕೇರಿ ಬಳಸಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಒಂದು ಸಂಜೆ ತಾಯಿ ಅಜ್ಜಿಯ ಜಗುಲಿಗೆ ಬಂದು ಕೂತರು. "ಜಗಳಕ್ಕೆ ಬಂದಿಲ್ಲ ಕಣಜ್ಜಿ. ನನ್ನ ಮಗಳು ಊರು ಸುತ್ಕಂಡು ಇಸ್ಕೂಲಿಗೆ ಹೋಯ್ತಾವಳೆ."

"ನಮ್ದು ಕಚ್ಚಲ್ಲ ಕಣವ್ವ. ಮಗು ಥರ ಅದು."

"ಅದು ನಿಮಗೆ ಗೊತ್ತು ಅಜ್ಜಿ. ನನ್ನ ಮಗಳಿಗೆ ಹೆಂಗೆ ಗೊತ್ತಾಗಬೇಕು?"

ಅಜ್ಜಿ ಮಾತಾಡಲಿಲ್ಲ. ನಾನು ಅಲ್ಲೇ ಎದುರಿಗೆ ಕೂತಿದ್ದೆ, ನನಗೂ ಉತ್ತರ ಹೊಳೆಯಲಿಲ್ಲ. "ನಮ್ಮ ನಾಯಿ ಏನೂ ಮಾಡಲ್ಲ" ಎಂಬುದು ನಾಯಿ ಸಾಕಿದವರೆಲ್ಲ ಆಡುವ ಮಾತು. ಅದನ್ನು ಕೇಳಿ ಧೈರ್ಯ ತಂದುಕೊಂಡವರನ್ನು ನಾನು ಕಂಡಿಲ್ಲ. "ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆಯನ್ನೂ ನಂಬಿ ಕೂರಬೇಡಿ. ಹೆದರಿದ ನಾಯಿ ಮೊದಲು ಬೊಗಳುತ್ತದೆ, ಆಮೇಲೆ ಕಚ್ಚಲೂಬಹುದು.

ಮಾರನೆಯ ದಿನ ಅಜ್ಜಿ ಬೂರಣ್ಣನನ್ನು ಜಗುಲಿಯಿಂದ ಹಿತ್ತಲಿಗೆ ಸಾಗಿಸಿದರು. ಬೀದಿ ಕಾಣದಿದ್ದರೆ ಅರ್ಧ ಬೊಗಳು ತಾನಾಗಿ ನಿಲ್ಲುತ್ತದೆ. ಬೆಳಿಗ್ಗೆ ಸಂಜೆ ಅದನ್ನು ತೋಟದ ದಾರಿಯಲ್ಲಿ ತಿರುಗಾಡಿಸಲು ಒಬ್ಬ ಕಾಲೇಜು ಹುಡುಗ ಗೊತ್ತಾದ. ದಣಿದ ನಾಯಿ ರಾತ್ರಿ ಮಲಗುತ್ತದೆ. ಬೇಸರದ ನಾಯಿಯೇ ಹೆಚ್ಚು ಬೊಗಳುವುದು. ಇನ್ನೊಂದು ಕಾರಣ ಅದರ ಕಿವಿ. ನಮಗೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45 ಸಾವಿರದವರೆಗೂ ಕೇಳುತ್ತದೆ. "ಏನೂ ಇಲ್ಲದೆ ಬೊಗಳ್ತದೆ" ಎಂದು ನಾವು ಬೈಯುವಾಗ ಅದಕ್ಕೆ ಏನೋ ಕೇಳಿಸಿರುತ್ತದೆ.

ಆ ಹುಡುಗಿಗೆ ಹೆದರಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಯಾರೂ ಅವಳ ಕೈಹಿಡಿದು "ಮುಟ್ಟು, ಮುಟ್ಟು" ಎಂದು ಬಲವಂತ ಮಾಡಲಿಲ್ಲ, ಅದು ಒಳ್ಳೆಯದಾಯಿತು. ನಾಯಿ ಎದುರಾದರೆ ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ ಎಂದು ಅವಳಿಗೆ ಹೇಳಿಕೊಟ್ಟೆವು. ಮರದ ಹಾಗೆ ನಿಲ್ಲಬೇಕು, ಕೈ ಇಳಿಬಿಟ್ಟಿರಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಉಣ್ಣುವ ನಾಯಿ, ಮಲಗಿದ ನಾಯಿ, ಮರಿಗಳ ಜೊತೆಗಿರುವ ನಾಯಿ, ಈ ಮೂರರ ಹತ್ತಿರ ಹೋಗಲೇಬಾರದು. ಈಗ ಅವಳು ನೇರ ದಾರಿಯಲ್ಲೇ ಹೋಗುತ್ತಾಳೆ. ಬೂರಣ್ಣನನ್ನು ಮಾತ್ರ ಇನ್ನೂ ಮುಟ್ಟಿಲ್ಲ. ಮುಟ್ಟಲೇಬೇಕೆಂದೇನೂ ಇಲ್ಲ.

ರಂಗೋಲಿಯ ವಿಷಯ ಮುಗಿಯಿತೆಂದುಕೊಳ್ಳಬೇಡಿ. ನಮ್ಮೂರಿನ ಜೋಡಿ ಗುಡಿಗಳನ್ನು ನೋಡಿದ್ದೀರಾ? ನಾಗೇಶ್ವರ ಮತ್ತು ಚನ್ನಕೇಶವ. ಹೊಯ್ಸಳರ ಕಾಲದವು, 1200ರ ಆಸುಪಾಸಿನವು. ಒಂದರ ಪಕ್ಕ ಒಂದು, ಅವಳಿ ಮಕ್ಕಳ ಹಾಗೆ, ನಡುವೆ ಕೆಲವೇ ಅಡಿ ಜಾಗ. ಅಲ್ಲಿಗೆ ಬಂದವರೆಲ್ಲ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯುತ್ತಾರೆ. ನಾಯಿಯ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಇರಬಹುದು. ಅದರಿಂದ ಹೊರಬಂದ ಮರಿಹುಳು ಒದ್ದೆ ಮಣ್ಣಿನಲ್ಲಿದ್ದು ಬರಿಗಾಲಿನ ಚರ್ಮದೊಳಕ್ಕೇ ನುಸುಳಬಲ್ಲದು. ಚರ್ಮದ ಕೆಳಗೆ ಕೆಂಪು ಗೆರೆ ಎದ್ದು ಅಸಾಧ್ಯ ತುರಿಕೆಯಾಗುತ್ತದೆ. ಆದ್ದರಿಂದ ನಾಯಿಯನ್ನು ಹೊರಗೆ ಕರೆದುಕೊಂಡು ಹೊರಟವರ ಕೈಯಲ್ಲಿ ಹಗ್ಗದ ಜೊತೆ ಒಂದು ಹಳೆ ಕಾಗದವೂ ಇರಲಿ. ಎತ್ತಿ ಗುಂಡಿಯಲ್ಲಿ ಹೂತುಬಿಡಿ. ಸೊಪ್ಪಿನ ಮಡಿಗೆ ಗೊಬ್ಬರವೆಂದು ಹಾಕಬೇಡಿ, ಇದು ಸಗಣಿಯಲ್ಲ. ನಾಯಿಗೆ ಕಾಲಕಾಲಕ್ಕೆ ಹುಳುವಿನ ಔಷಧಿಯನ್ನೂ ಹಾಕಿಸಿ.

ಬೀದಿನಾಯಿಗೆ ಅನ್ನ ಹಾಕುವ ಪುಣ್ಯವಂತರಿಗೂ ಒಂದು ಮಾತಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಊಟ ಹಾಕುವ ಜಾಗ ಮಕ್ಕಳು ಆಡುವಲ್ಲಿಂದ, ಜನ ಓಡಾಡುವ ಬಾಗಿಲುಗಳಿಂದ ದೂರ ಇರಬೇಕು. ಶಾಲೆ ಗೇಟಿನ ಮುಂದೆ ಬಿಸ್ಕತ್ತು ಎಸೆದರೆ ಪುಣ್ಯ ನಿಮಗೆ, ಗಾಯ ಮಕ್ಕಳಿಗೆ.

ಇನ್ನು ನಿಧಾನವಾಗಿ ಓದಬೇಕಾದ ಭಾಗ. ಅಜ್ಜ ಅಜ್ಜಿಯರೇ, ದಯವಿಟ್ಟು ಇದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.

ನಾಯಿ ಕಚ್ಚಿದರೆ, ಉಗುರು ಪರಚಿದರೂ ಸರಿ, ಸಾಕಿದ ನಾಯಿಯಾದರೂ ಸರಿ, ಪುಟ್ಟ ಮರಿಯಾದರೂ ಸರಿ, ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಉದ್ದ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಯಾವುದನ್ನೂ ಮೆತ್ತಬಾರದು. ಅಲ್ಲಿಂದ ನೇರ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಉಚಿತ. ಚರ್ಮಕ್ಕೆ ಕೊಡುವ ಲಸಿಕೆ ಮೊದಲ ದಿನ ಒಂದು ಸಲ, ಆಮೇಲೆ 3ನೇ, 7ನೇ, 28ನೇ ದಿನ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಮದ್ದು ಕೊಡುತ್ತಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬುದು ಹಳೆಯ ಕಾಲದ ಮಾತು, ಅದಕ್ಕೆ ಈಗ ಹೆದರಬೇಕಿಲ್ಲ. ಗಾಯ ಮಾಯಿತೆಂದು ಕೊನೆಯ ಸೂಜಿ ತಪ್ಪಿಸಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಆಗದ ಮಾತು. ಮೊದಲೇ ಮದ್ದು ಪಡೆದರೆ ತಡೆಯಬಹುದು.

1885ರ ಜುಲೈ 6ರಂದು ಫ್ರಾನ್ಸಿನಲ್ಲಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಅವನ ತಾಯಿ ಲೂಯಿ ಪಾಶ್ಚರ್ ಬಳಿ ಕರೆತಂದಳು. ಹುಚ್ಚುನಾಯಿ ಕಚ್ಚಿ ಮೈಯೆಲ್ಲ ಗಾಯ. ಪಾಶ್ಚರ್ ತಾನು ಸಿದ್ಧಪಡಿಸುತ್ತಿದ್ದ ಲಸಿಕೆಯನ್ನು ಅವನಿಗೆ ಕೊಟ್ಟರು, ಹುಡುಗ ಬದುಕಿದ. ದೊಡ್ಡವನಾಗಿ ಪಾಶ್ಚರ್ ಸಂಸ್ಥೆಯಲ್ಲೇ ಕಾವಲು ಕೆಲಸಕ್ಕೆ ಸೇರಿದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28 ಈಗ ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಪಶುಪಾಲನಾ ಇಲಾಖೆಯವರು ಹಲವೆಡೆ ನಾಯಿಗಳಿಗೆ ಉಚಿತ ಲಸಿಕೆ ಶಿಬಿರ ನಡೆಸುತ್ತಾರೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷ ವರ್ಷವೂ.

ಮೈಸ್ಟರ್‌ನ ತಾಯಿಗೆ ಮಗನಿಗೆ ನಾಯಿ ಕಚ್ಚಿದ್ದು ಗೊತ್ತಿತ್ತು. ನಮ್ಮಲ್ಲಿ ಎಷ್ಟೋ ಮಕ್ಕಳು ಹೇಳುವುದೇ ಇಲ್ಲ. "ನಾಯಿ ತಂಟೆಗೆ ಯಾಕೆ ಹೋದೆ" ಎಂದು ಏಟು ಬೀಳುತ್ತದೆಂಬ ಹೆದರಿಕೆಯಿಂದ ಚಡ್ಡಿ ಎಳೆದುಕೊಂಡು ಗಾಯ ಮುಚ್ಚುತ್ತಾರೆ. ಮಕ್ಕಳೇ, ನೀವು ಕಲ್ಲು ಹೊಡೆದಿದ್ದರೂ, ಬಾಲ ಎಳೆದಿದ್ದರೂ, ಮೊದಲು ಬಂದು ಹೇಳಿ. ಅಜ್ಜ ಅಜ್ಜಿಯರೇ, ಬೈಗುಳ ನಾಳೆಗೂ ಇರುತ್ತದೆ, ಇವತ್ತು ಸೋಪು ತನ್ನಿ. ಕಚ್ಚಿದ ನಾಯಿ ಪಕ್ಕದ ಮನೆಯದಾದರೆ ಅವರು ಅಂದೇ ಲಸಿಕೆ ಕಾರ್ಡು ತಂದು ತೋರಿಸಲಿ, ಆಸ್ಪತ್ರೆಗೂ ಜೊತೆಗೆ ಹೋಗಲಿ. ಸಾಕುಪ್ರಾಣಿಯನ್ನು ಎಚ್ಚರಿಕೆಯಿಂದ ಇಟ್ಟುಕೊಳ್ಳದಿದ್ದರೆ ಕಾನೂನಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ ದಂಡ ಇದೆ. ಆದರೆ ಜೊತೆಗೆ ಆಸ್ಪತ್ರೆಗೆ ಹೋದವರ ಮೇಲೆ ಯಾರೂ ಪೊಲೀಸ್ ಠಾಣೆಗೆ ಹೋದದ್ದು ನಮ್ಮೂರಲ್ಲಿ ನಾನು ಕಂಡಿಲ್ಲ.

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲೇ ದೀಪಾವಳಿಯೂ ಬರುತ್ತದೆ. ಪಟಾಕಿ ಸದ್ದಿಗೆ ನಾಯಿಗಳು ಮಂಚದ ಕೆಳಗೆ ನಡುಗುತ್ತಾ ಕೂರುತ್ತವೆ, ಕೆಲವು ಹಗ್ಗ ಕಿತ್ತು ಓಡಿ ದಾರಿ ತಪ್ಪುತ್ತವೆ. ಆಗ ನಾಯಿ ಇಲ್ಲದ ಮನೆಯವರ ಸರದಿ. ಕಳೆದ ಹಬ್ಬದಲ್ಲಿ ಹಾಲಿನ ಮನೆಯ ಆ ಹುಡುಗಿ ತನ್ನ ಸರಪಟಾಕಿಯನ್ನು ಎತ್ತಿಕೊಂಡು ಬೀದಿಯ ಆ ತುದಿಗೆ ಹೋಗಿ ಹಚ್ಚಿದಳು. ಯಾಕೆಂದು ನಾನು ಕೇಳಿದೆ. "ಬೂರಣ್ಣ ಹೆದರ್ಕತಾನೆ ತಾತ" ಎಂದಳು.

ಮುಂದಿನ ವಾರದೊಳಗೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ನಾಯಿಯ ಲಸಿಕೆ ಕಾರ್ಡು ಹುಡುಕಿ, ಕೊನೆಯ ದಿನಾಂಕ ನೋಡಿ ನನಗೆ ಬರೆಯಿರಿ. ಕಾರ್ಡು ಸಿಗದಿದ್ದರೆ ಅಂಚೆ ಕಾರ್ಡು ಆಮೇಲೆ. ಮೊದಲು ಪಶು ಆಸ್ಪತ್ರೆಗೆ ಹೋಗಿ ಬನ್ನಿ.